ವಿಷದ ವಿವರ ಕಪಾಟಿನಲ್ಲಿದೆ

ಕಾರ್ಖಾನೆಯಲ್ಲಿ ವಿಷವಸ್ತುವಿನ ಜತೆ ದುಡಿಯುವ ಮನುಷ್ಯನಿಗೆ ಮೂರು ಸಂಗತಿ ಗೊತ್ತಿರಬೇಕು. ತಾನು ಮುಟ್ಟುತ್ತಿರುವುದು ಏನು, ಅದು ಮೈಯೊಳಗೆ ಹೋದರೆ ಏನಾಗುತ್ತದೆ, ಮೈಮೇಲೆ ಚೆಲ್ಲಿದರೆ ಅಥವಾ ಉಸಿರಿಗೆ ಹೊಕ್ಕರೆ ಮೊದಲ ಐದು ನಿಮಿಷದಲ್ಲಿ ಮಾಡಬೇಕಾದ್ದೇನು. ಇದನ್ನೆಲ್ಲ ಅವನಿಗೆ ಹೇಳಲೇಬೇಕು ಎಂದು ಈ ದೇಶದ ಕಾನೂನು 1987ರಲ್ಲೇ ವಿಧಿಸಿದೆ. ಆ ವರ್ಷ ಹುಟ್ಟಿದ ಮಗುವಿಗೆ ಈಗ ನಡುವಯಸ್ಸು ಸಮೀಪಿಸಿದೆ. ಅದೇ ಮಗು ಬೆಳೆದು ಇವತ್ತು ಪೀಣ್ಯದಲ್ಲೋ ಹಾರೋಹಳ್ಳಿಯಲ್ಲೋ ನಂಜನಗೂಡಿನಲ್ಲೋ ಡ್ರಮ್ಮು ಉರುಳಿಸುತ್ತಿದ್ದರೆ, ಅದರೊಳಗೇನಿದೆ ಎಂದು ಕೇಳಿ ನೋಡಿ. ‘ಯಾವ್ದೋ ಕೆಮಿಕಲ್ಲು ಸಾರ್’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಅಪರೂಪ.

ಅವನಿಗೆ ಗೊತ್ತಿಲ್ಲದಿರುವುದು ಅವನ ತಪ್ಪಲ್ಲ, ಗೊತ್ತಿದ್ದವರು ಅವನಿಗೆ ಹೇಳಿಲ್ಲ. ಆ ಡ್ರಮ್ಮಿನ ಪೂರ್ತಿ ಜಾತಕ ಆಫೀಸಿನ ಕಪಾಟಿನಲ್ಲಿದೆ. ಹದಿನಾರು ಭಾಗಗಳ ಇಂಗ್ಲಿಷ್ ಕಾಗದ. ಸೇಫ್ಟಿ ಡೇಟಾ ಶೀಟ್ ಎನ್ನುತ್ತಾರೆ. ವಸ್ತುವಿನ ಹೆಸರು, ವಿಷದ ಗುಣ, ಪ್ರಥಮ ಚಿಕಿತ್ಸೆ, ಯಾವ ಗ್ಲೌಸ್ ತೊಡಬೇಕು, ಬೆಂಕಿ ಬಿದ್ದರೆ ಏನು ಸುರಿಯಬೇಕು, ಎಲ್ಲ ಅದರಲ್ಲಿದೆ. ಆಡಿಟ್‌ನವರು ಬಂದ ದಿನ ಆ ಫೈಲು ಮೇಜಿಗೆ ಬರುತ್ತದೆ, ಅವರು ಹೋದ ಮೇಲೆ ಕಪಾಟಿಗೆ ಮರಳುತ್ತದೆ. ಇಲಾಖೆಯವರು ‘ವಿವರ ಇಟ್ಟಿದ್ದಾರೆಯೇ?’ ಎಂಬ ಸಾಲಿನ ಮುಂದೆ ‘ಹೌದು’ ಎಂದು ಬರೆದುಕೊಂಡು ಹೋಗುತ್ತಾರೆ. ನನ್ನ ಆಕ್ಷೇಪ ಇರುವುದೇ ಈ ‘ಹೌದು’ ಎಂಬ ಬರಹದ ಮೇಲೆ. ಕಾಗದ ಇಟ್ಟುಕೊಂಡರೆ ಹೇಳಿದಂತಾಯಿತು ಎಂದು ಸರ್ಕಾರ ನಂಬಿ ಕೂತಿದೆ, ಮಾಲೀಕರೂ ನಂಬಿದ್ದಾರೆ. ನಾಲ್ಕು ದಶಕ ಸಮೀಪಿಸಿದ ಈ ನೆಮ್ಮದಿಯನ್ನು ಸೋಮಾರಿತನ ಎಂದು ಕರೆದು ಬಿಟ್ಟುಬಿಡುವಂತಿಲ್ಲ. ಜನರ ಶ್ವಾಸಕೋಶ, ಮೂಗು, ರಕ್ತ ಇದಕ್ಕೆ ಬೆಲೆ ತೆರುತ್ತಿವೆ.

ಈ ಕಾನೂನು ಯಾಕೆ ಬಂತು ಎಂಬುದನ್ನೇ ನಾವು ಮರೆತಂತಿದೆ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರನುಗ್ಗಿತು. ಸತ್ತವರ ಲೆಕ್ಕದ ಬಗ್ಗೆ ಇವತ್ತಿಗೂ ವಾದವಿದೆ. ಆ ರಾತ್ರಿ ಯಾರಿಗೆ ಏನು ಗೊತ್ತಿರಲಿಲ್ಲ ಎಂಬುದರ ಬಗ್ಗೆ ಮಾತ್ರ ವಾದವೇ ಇಲ್ಲ. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಿದ್ದ ಬಸ್ತಿಗಳ ಜನ ಕಣ್ಣುರಿಯಿಂದ ಎದ್ದು ಕಂಡ ಕಡೆಗೆ ಓಡಿದರು. ಅನೇಕರು ವಿಷದ ಮೋಡ ಸಾಗುತ್ತಿದ್ದ ದಿಕ್ಕಿಗೇ ಓಡಿದರು. ಓಡಿದಷ್ಟೂ ಏದುಸಿರು, ಏದುಸಿರು ಬಿಟ್ಟಷ್ಟೂ ವಿಷ ಒಳಕ್ಕೆ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳಿ, ಗಾಳಿಯ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿರಿ ಎಂಬ ಒಂದೇ ಒಂದು ವಾಕ್ಯ ಮೊದಲೇ ಕಿವಿಗೆ ಬಿದ್ದಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರು. ಹಮೀದಿಯಾ ಆಸ್ಪತ್ರೆಗೆ ಸಾವಿರಗಟ್ಟಲೆ ಜನ ಬಂದು ಬಿದ್ದಾಗ, ಹೊಕ್ಕಿರುವ ಅನಿಲ ಯಾವುದು, ಅದಕ್ಕೆ ಮದ್ದೇನು ಎಂದು ಅಲ್ಲಿನ ವೈದ್ಯರಿಗೇ ತಿಳಿದಿರಲಿಲ್ಲ. ಹಿಂದಿ ಮಾತಾಡುವ ಕಾರ್ಮಿಕರಿದ್ದ ಆ ಕಾರ್ಖಾನೆಯಲ್ಲಿ ಸುರಕ್ಷತೆಯ ಕೈಪಿಡಿಗಳು, ಫಲಕಗಳು ಇದ್ದದ್ದು ಇಂಗ್ಲಿಷಿನಲ್ಲಿ.

ಮುನ್ಸೂಚನೆಯೂ ಇತ್ತು. 1981ರ ಡಿಸೆಂಬರಿನಲ್ಲೇ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ರಾಜ್‌ಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ 1982ರಲ್ಲಿ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಊರಿಗೆ ಕಾದಿರುವ ಗಂಡಾಂತರದ ಬಗ್ಗೆ ಮೇಲಿಂದ ಮೇಲೆ ಬರೆದರು. ಸರ್ಕಾರ ಕಿವಿಗೊಡಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಆಮೇಲೆ ಕಾನೂನುಗಳು ಬಂದವು. ಬಾಗಿಲು ಗಟ್ಟಿಯಾಗಿಯೇ ಇತ್ತು. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು 41-ಬಿ ಎಂಬ ಕಲಮು ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಯವರು ಬಳಸುವ ವಸ್ತುಗಳ ಅಪಾಯವನ್ನೂ ಅದನ್ನು ತಡೆಯುವ ಕ್ರಮವನ್ನೂ ಕಾರ್ಮಿಕರಿಗೆ, ಮುಖ್ಯ ಇನ್‌ಸ್ಪೆಕ್ಟರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಮುತ್ತ ವಾಸಿಸುವ ಸಾರ್ವಜನಿಕರಿಗೆ ತಿಳಿಸಬೇಕು ಎಂದು ಅದು ಹೇಳಿತು. 111-ಎ ಕಲಮು ಮಾಹಿತಿ ಕೇಳಿ ಪಡೆಯುವ ಹಕ್ಕನ್ನು ನೇರವಾಗಿ ಕಾರ್ಮಿಕನ ಕೈಗೆ ಕೊಟ್ಟಿತು. 41-ಬಿ ಉಲ್ಲಂಘಿಸಿದವರಿಗೆ ಏಳು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಎಂದೂ ಬರೆಯಲಾಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು ಬಂದು ಸೇಫ್ಟಿ ಡೇಟಾ ಶೀಟನ್ನು, ಡ್ರಮ್ಮಿನ ಮೇಲಿನ ಲೇಬಲ್ಲನ್ನು ಕಡ್ಡಾಯ ಮಾಡಿದವು. ಇಷ್ಟು ಗಟ್ಟಿ ಕಾನೂನು ಕೈಯಲ್ಲಿದ್ದೂ ಒಂದು ಡ್ರಮ್ಮಿನ ಹೆಸರು ಹೆಲ್ಪರ್ ಹುಡುಗನನ್ನು ಮುಟ್ಟಲಿಲ್ಲ ಎಂದರೆ ಕೊರತೆ ಇರುವುದು ಕಾನೂನಿನಲ್ಲಲ್ಲ, ಅದನ್ನು ನಡೆಸುವವರಲ್ಲಿ.

ಪೀಣ್ಯದ ಕ್ರೋಮ್ ಪ್ಲೇಟಿಂಗ್ ಕೆಲಸವನ್ನೇ ತೆಗೆದುಕೊಳ್ಳಿ. ಬೈಕಿನ ಬಿಡಿಭಾಗ, ನಲ್ಲಿ, ಬಾಗಿಲ ಹಿಡಿಕೆಗಳಿಗೆ ಫಳಫಳ ಹೊಳಪು ಬರುವುದು ಈ ಕೆಲಸದಿಂದ. ತಗಡಿನ ಶೆಡ್ಡಿನಲ್ಲಿ ಸಾಲಾಗಿ ಟ್ಯಾಂಕುಗಳು. ಅವುಗಳಲ್ಲಿ ಒಂದರಲ್ಲಿ ಕಡುಗೆಂಪು ದ್ರಾವಣ. ಅದು ಕ್ರೋಮಿಕ್ ಆಸಿಡ್. ಕರೆಂಟ್ ಹರಿಸಿದಾಗ ದ್ರಾವಣದಿಂದ ಗುಳ್ಳೆಗಳು ಎದ್ದು ಮೇಲೆ ಬಂದು ಒಡೆಯುತ್ತವೆ. ಒಡೆದ ಪ್ರತಿ ಗುಳ್ಳೆಯೂ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ಟ್ಯಾಂಕಿನ ಮೇಲೆ ಬಗ್ಗಿ ಬಿಡಿಭಾಗಗಳನ್ನು ಮುಳುಗಿಸಿ ಎತ್ತುವವನ ಮೂಗಿಗೆ ಆ ಹನಿಗಳು ಹೋಗುತ್ತವೆ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿರುವ ವಸ್ತು ಅದು. ಕ್ಯಾನ್ಸರಿಗಿಂತ ಬಹಳ ಮೊದಲೇ ಅದು ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತಿನ್ನುತ್ತದೆ. ಮೊದಲು ಹಕ್ಕಳೆ, ಸ್ವಲ್ಪ ರಕ್ತ, ಕೊನೆಗೆ ತೂತು. ತೂತು ಬಿದ್ದಾಗ ನೋವು ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಬೆರಳ ಗೆಣ್ಣಿನ ಮೇಲೆ ಬೇಗ ಮಾಯದ ಗುಂಡು ಹುಣ್ಣುಗಳಾಗುತ್ತವೆ. ಅದನ್ನು ‘ಆಸಿಡ್ ತಾಗಿದ್ದು’ ಎಂದು ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ.

ಇದನ್ನು ತಡೆಯಲು ಯಾವ ಹೊಸ ವಿಜ್ಞಾನವೂ ಬೇಕಿಲ್ಲ. ಟ್ಯಾಂಕಿನ ಅಂಚಿನಲ್ಲೇ ಗಾಳಿ ಎಳೆಯುವ ಎಕ್ಸಾಸ್ಟ್ ಇರಬೇಕು. ದ್ರಾವಣದ ಮೇಲೆ ತೇಲುವ ಪ್ಲಾಸ್ಟಿಕ್ ಗುಂಡುಗಳನ್ನು ಹರಡಿದರೂ, ಹನಿ ಏಳದಂತೆ ತಡೆಯುವ ದ್ರವ ಬೆರೆಸಿದರೂ ಚಿಮ್ಮುವುದು ಕಡಿಮೆಯಾಗುತ್ತದೆ. ಕೆಲಸ ಮಾಡುವವನ ಕೈಯನ್ನೂ ಮೂಗನ್ನೂ ತಪ್ಪದೆ ಪರೀಕ್ಷಿಸುತ್ತಿರಬೇಕು. ಕ್ರೋಮಿಕ್ ಆಸಿಡ್ಡಿನ ಪ್ಲೇಟಿಂಗನ್ನು ನಮ್ಮ ಕಾರ್ಖಾನೆ ನಿಯಮಗಳು ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲೇ ಇಟ್ಟಿವೆ. ಆದರೂ ಇಂಥ ಶೆಡ್ಡೊಂದರಲ್ಲಿ ನಾನು ಕಂಡದ್ದು, ಎಕ್ಸಾಸ್ಟ್ ಫ್ಯಾನು ಟ್ಯಾಂಕಿನಿಂದ ಹತ್ತು ಅಡಿ ದೂರದ ಗೋಡೆಯ ಮೇಲೆ. ಅದು ಎಳೆಯುತ್ತಿದ್ದ ಗಾಳಿ ಕೆಲಸಗಾರನ ಮುಖ ದಾಟಿಯೇ ಹೋಗುತ್ತಿತ್ತು. ಅಂದರೆ ಆ ಫ್ಯಾನು ಹನಿಗಳನ್ನು ಅವನ ಮೂಗಿನ ಕಡೆಗೇ ಎಳೆಯುತ್ತಿತ್ತು. ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ, ಅದರ ಮೇಲೆ ಹಳದಿ ಕಲೆ. ಪಕ್ಕದ ಗೋಡೆಗೆ ‘ಸೇಫ್ಟಿ ಫಸ್ಟ್’ ಎಂಬ ಬೋರ್ಡು ಇಂಗ್ಲಿಷಿನಲ್ಲಿ. ವಿಷದ ಹೆಸರು ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಎಲ್ಲೂ ಇರಲಿಲ್ಲ.

ಆ ಶೆಡ್ಡಿನ ಮಾಲೀಕರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರೂ ಅದೇ ಗಾಳಿ ಉಸಿರಾಡುತ್ತಾರೆ. ಅವರು ಹೇಳಿದ ಮಾತು, ಇಂಥ ಎಲ್ಲ ಮಾಲೀಕರೂ ಹೇಳುವ ಮಾತು: ‘ಇಷ್ಟು ವರ್ಷದಿಂದ ನಡೆಸ್ತಾ ಇದ್ದೀವಿ, ಯಾರಿಗೂ ಏನೂ ಆಗಿಲ್ಲ.’ ಈ ಮಾತನ್ನು ಇನ್ನು ಮುಂದೆ ಯಾರೂ ನೆಪವಾಗಿ ಒಪ್ಪಿಕೊಳ್ಳಬಾರದು. ಯಾರಿಗೂ ಏನೂ ಆಗಿಲ್ಲ ಎಂದು ಹೇಳಬೇಕಾದರೆ ಯಾರಿಗೆ ಏನಾಯಿತೆಂದು ನೋಡಿರಬೇಕು. ಶೆಡ್ಡಿನಲ್ಲಿ ಎರಡು ವರ್ಷ ದುಡಿದ ಹುಡುಗ ಯಾದಗಿರಿಗೋ ಗಯಾಕ್ಕೋ ಬಾಲಸೋರಿಗೋ ವಾಪಸು ಹೋಗುತ್ತಾನೆ. ಕಾಯಿಲೆ ಅವನ ಜತೆಗೆ ಹೋಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಆ ಶೆಡ್ಡು ಗೋಡೌನ್ ಆಗಿರುತ್ತದೆ, ಕಾಂಟ್ರಾಕ್ಟರ್ ಮೂರು ಸಲ ಹೆಸರು ಬದಲಿಸಿರುತ್ತಾನೆ. ಇದನ್ನು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಮನಗಂಡಿತ್ತು. ಕಲ್ನಾರು ಕಾರ್ಖಾನೆಗಳ ಮೊಕದ್ದಮೆಯಲ್ಲಿ 1995ರ ಜನವರಿಯಲ್ಲಿ ತೀರ್ಪು ಕೊಡುವಾಗ, ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಿಡಬೇಕು ಎಂದು ಆದೇಶಿಸಿತು. ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದ ಗುತ್ತಿಗೆ ಕಾರ್ಮಿಕನ ಆರೋಗ್ಯದ ದಾಖಲೆಯನ್ನು 40 ವರ್ಷ ಯಾರು ಇಡುತ್ತಾರೆ?

ನಮ್ಮ ವೈದ್ಯರ ಬಗ್ಗೆಯೂ ಕಟುವಾಗಿ ಹೇಳಲೇಬೇಕು. ರೋಗಿಯನ್ನು ‘ನೀನು ಏನು ಕೆಲಸ ಮಾಡುತ್ತೀಯ?’ ಎಂದು ಕೇಳಬೇಕು ಎಂದು ಇಟಲಿಯ ರಾಮಾಜ್ಜಿನಿ ಎಂಬ ವೈದ್ಯ 1700ರಲ್ಲಿ, ಕಸುಬಿನ ಕಾಯಿಲೆಗಳ ಮೇಲೆ ಬರೆದ ಪುಸ್ತಕದಲ್ಲೇ ಹೇಳಿದ್ದ. ಮೂರು ಶತಮಾನ ಕಳೆದರೂ ನಮ್ಮ ಹೊರರೋಗಿ ಚೀಟಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಕೂಲಿ’ ಎಂದು ಬರೆದು ಮುಗಿಸುತ್ತಾರೆ. ಎಂಥ ಕೂಲಿ? ಬ್ಯಾಟರಿ ಕರಗಿಸುವ ಕೂಲಿಯೇ, ಜಲ್ಲಿ ಕ್ರಷರಿನ ಕೂಲಿಯೇ, ಪೇಂಟಿನ ಕೂಲಿಯೇ? ಹೊಟ್ಟೆ ಹಿಂಡುವ ನೋವು, ರಕ್ತಹೀನತೆ, ಕೈಸೋಲು ಎಂದು ಬಂದವನು ಸೀಸ ಕರಗಿಸುವವನೆಂದು ಗೊತ್ತಾದರೆ ಒಂದು ರಕ್ತಪರೀಕ್ಷೆಯಲ್ಲಿ ಎಲ್ಲ ತಿಳಿಯುತ್ತದೆ. ಗೊತ್ತಾಗದಿದ್ದರೆ ಗ್ಯಾಸ್ಟ್ರಿಕ್ ಗುಳಿಗೆಯಲ್ಲಿ ವರ್ಷ ಕಳೆಯುತ್ತದೆ. ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಕಾಯಿಲೆಗಳ ಪಟ್ಟಿಯಿತ್ತು: ಸೀಸದ ವಿಷ, ಪಾದರಸದ ವಿಷ, ಕ್ರೋಮ್ ಹುಣ್ಣು, ಸಿಲಿಕೋಸಿಸ್, ಹೀಗೆ. ಇವುಗಳಲ್ಲಿ ಯಾವುದನ್ನೇ ಕಂಡರೂ ವೈದ್ಯರು ಮುಖ್ಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಬೇಕಿತ್ತು. ತಿಳಿಸದಿದ್ದರೆ ಹೆಚ್ಚೆಂದರೆ ಸಾವಿರ ರೂಪಾಯಿ ದಂಡವಿತ್ತು. ಪರಿಚಯದ ವೈದ್ಯರನ್ನು ಕೇಳಿ ನೋಡಿ, ಇಂಥ ಪಟ್ಟಿಯೊಂದಿದೆ ಎಂದೇ ಅನೇಕರಿಗೆ ತಿಳಿಯದು. ಸರ್ಕಾರ ಆ ಪಟ್ಟಿಯನ್ನು ಅವರ ಮೇಜಿನವರೆಗೆ ತಲುಪಿಸಲೂ ಇಲ್ಲ, ವರದಿ ಯಾಕೆ ಬರುತ್ತಿಲ್ಲ ಎಂದು ವಿಚಾರಿಸಲೂ ಇಲ್ಲ. ವರದಿ ಬಾರದಿದ್ದುದನ್ನೇ ಕಾಯಿಲೆ ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿಸಿಕೊಂಡು ಕೂತಿದೆ.

ಈ ನೆಲಕ್ಕೆ ಇದು ಹೊಸ ಪಾಠವಾಗಿದ್ದರೆ ಕ್ಷಮಿಸಬಹುದಿತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುವ ಕಾಯಿಲೆ ಅದು. ಒಮ್ಮೆ ಬಂದರೆ ಗುಣವಾಗದು. ಎಷ್ಟೋ ಸಲ ಕ್ಷಯವೆಂದು ತಿಳಿದು ವರ್ಷಗಟ್ಟಲೆ ಕ್ಷಯದ ಮಾತ್ರೆ ನುಂಗಿಸಲಾಗುತ್ತದೆ. ಭಾರತದಲ್ಲಿ ಈ ಕಾಯಿಲೆಯ ಪಾಠ ಶುರುವಾದದ್ದೇ ನಮ್ಮ ಕೋಲಾರದಿಂದ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಪಾಠವೂ ಗಣಿಯೊಳಗೇ ಹೂತುಹೋಯಿತೇನೋ ಎನ್ನುವಂತೆ, ಅದೇ ಕೋಲಾರ, ಅದರ ಪಕ್ಕದ ಚಿಕ್ಕಬಳ್ಳಾಪುರದ ಕ್ರಷರ್‌ಗಳಲ್ಲಿ ಇವತ್ತು ಬಿಳಿ ಧೂಳು ಮೆತ್ತಿಕೊಂಡ ರೆಪ್ಪೆಗಳ ಜನ ದುಡಿಯುತ್ತಿದ್ದಾರೆ. ಕಣ್ಣಿಗೆ ಕಾಣುವ ಆ ಧೂಳಿಗಿಂತ ಕಾಣದ ಧೂಳು ಅಪಾಯ, ನೀರು ಚಿಮುಕಿಸಿ ಕಲ್ಲು ಒಡೆದರೆ ಅದು ಏಳುವುದು ಬಹಳ ಕಡಿಮೆಯಾಗುತ್ತದೆ ಎಂದು ಅವರಿಗೆ ಹೇಳುವುದಕ್ಕೆ ಎಷ್ಟು ಖರ್ಚಾದೀತು?

ಮಾಹಿತಿ ಬೇಕೆಂದರೆ ದೂರ ಹೋಗಬೇಕಿಲ್ಲ. ದೇವನಹಳ್ಳಿ ಬಳಿಯ ಕನ್ನಮಂಗಲದಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಸೀಸದ ವಿಷದ ಬಗ್ಗೆ ದೇಶಕ್ಕೇ ಎಚ್ಚರ ಹೇಳಿದ ಡಾ. ತುಪ್ಪಿಲ್ ವೆಂಕಟೇಶ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದವರು. ರಾಜ್ಯಕ್ಕೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಎಂದು ಪ್ರತ್ಯೇಕ ಇಲಾಖೆಯೇ ಇದೆ. ತಿಳಿದವರು ಇದ್ದಾರೆ, ತಿಳಿವಳಿಕೆ ಇದೆ. ಅದು ಅಲ್ಲಿಂದ ಶೆಡ್ಡಿಗೆ ಇಳಿಯುವ ದಾರಿಯನ್ನು ಯಾರೂ ಕಟ್ಟಲಿಲ್ಲ.

ಇಲಾಖೆಗಳ ಕಣ್ಣಿಗೆ ಈ ದಾರಿ ಎಂದರೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ. ಬ್ಯಾನರ್, ಪ್ರತಿಜ್ಞೆ, ಕ್ವಿಜ್, ಬಹುಮಾನಕ್ಕೆ ಟಿಫನ್ ಬಾಕ್ಸು. ದೊಡ್ಡ ಕಾರ್ಖಾನೆಯ ಕಾಯಂ ನೌಕರರು ಸಾಲಾಗಿ ನಿಂತು ಪ್ರತಿಜ್ಞೆ ಓದುತ್ತಾರೆ. ಅದೇ ಹೊತ್ತಿಗೆ ಹಿಂದಿನ ಗೇಟಿನಲ್ಲಿ ಗುತ್ತಿಗೆ ಹುಡುಗರು ಟ್ಯಾಂಕರಿನಿಂದ ಆಸಿಡ್ ಇಳಿಸುತ್ತಿರುತ್ತಾರೆ. ಸುರಕ್ಷತೆ ಎಂದರೆ ಹೆಲ್ಮೆಟ್, ಶೂ ಎಂಬಷ್ಟಕ್ಕೆ ನಿಂತುಹೋಗಿದೆ. ತಲೆಯ ಮೇಲೆ ಬೀಳುವ ಕಬ್ಬಿಣದ ಬಗ್ಗೆ ಭಾಷಣವಿದೆ, ಉಸಿರಿನಲ್ಲಿ ಹೋಗುವ ಸೀಸದ ಬಗ್ಗೆ ಮಾತಿಲ್ಲ.

ಕಾರ್ಮಿಕ ಸಂಘಗಳೂ ಈ ಪಾಪದಲ್ಲಿ ಪಾಲುದಾರರು. ಧೂಳಿನ ವಿಭಾಗಕ್ಕೆ ಬೆಲ್ಲ, ಕೆಮಿಕಲ್ ವಿಭಾಗಕ್ಕೆ ದಿನಕ್ಕೊಂದು ಲೋಟ ಹಾಲು, ಅದೂ ಇಲ್ಲದಿದ್ದರೆ ತಿಂಗಳಿಗಿಷ್ಟು ಭತ್ಯೆ ಎಂದು ಒಪ್ಪಂದಕ್ಕೆ ಸಹಿ ಹಾಕಿ ಗೆದ್ದೆವೆಂದುಕೊಂಡರು. ಹಾಲು ಒಳ್ಳೆಯ ಆಹಾರ. ಆದರೆ ರಕ್ತಕ್ಕೆ ಸೇರಿದ ಸೀಸವನ್ನು, ಶ್ವಾಸಕೋಶಕ್ಕೆ ಸೇರಿದ ಕಲ್ಲಿನ ಧೂಳನ್ನು ಅದು ಹೊರಗೆ ಹಾಕುವುದಿಲ್ಲ. ವಿಷಕ್ಕೆ ಭತ್ಯೆ ಕೇಳುವುದೆಂದರೆ ವಿಷವನ್ನು ಒಪ್ಪಿಕೊಂಡಂತೆ. ಕೇಳಬೇಕಾದದ್ದು ಗಾಳಿಯ ಅಳತೆಯ ವರದಿಯನ್ನು, ತಮ್ಮದೇ ರಕ್ತಪರೀಕ್ಷೆಯ ಫಲಿತಾಂಶವನ್ನು, ಡ್ರಮ್ಮಿನ ಹೆಸರನ್ನು. ಬೋನಸ್ಸಿಗೆ ಗೇಟು ಮುಚ್ಚಿಸುವ ಸಂಘಗಳು ಇವನ್ನು ಕೇಳಿ ಗೇಟಿನ ಮುಂದೆ ಕೂತದ್ದನ್ನು ನಾನು ಕಂಡಿಲ್ಲ.

ಗಾಳಿಯ ಅಳತೆಯ ಮಾತು ಬಂತು. ಯಾವ ವಿಷ ಎಷ್ಟು ಇರಬಹುದು ಎಂಬ ಮಿತಿಗಳನ್ನು ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಕೊಟ್ಟಿತ್ತು. ಒಂದು ಘನಮೀಟರ್ ಗಾಳಿಯಲ್ಲಿ ಸೀಸ 0.15 ಮಿಲಿಗ್ರಾಂ ಎಂಬುದು ಅದರ ಲೆಕ್ಕ. ಅಮೆರಿಕ 1978ರಲ್ಲೇ ಅದನ್ನು 0.05ಕ್ಕೆ ಇಳಿಸಿತ್ತು. ನಮ್ಮವರ ಮೈಗೆ ಮೂರು ಪಾಲು ಸೀಸ ತಡೆದುಕೊಳ್ಳುವ ಶಕ್ತಿಯಿದೆ ಎಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. ಈ ಮಿತಿಗಳು ದಿನಕ್ಕೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಕಟ್ಟಿದವು. ಉಳಿದ ಹದಿನಾರು ಗಂಟೆ ಮೈ ಆ ವಿಷದಿಂದ ದೂರವಿರುತ್ತದೆ ಎಂಬುದು ಅದರ ತಳಹದಿ. ಹೀಗಿರುವಾಗ 2023ರಲ್ಲಿ ಕರ್ನಾಟಕ ವಿಧಾನಮಂಡಲ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ಮಾಡಿತು. ಬಂಡವಾಳದ ಚರ್ಚೆಯಾಯಿತು, ಮಹಿಳೆಯರ ರಾತ್ರಿ ಪಾಳಿಯ ಚರ್ಚೆಯಾಯಿತು. ಎಂಟು ಗಂಟೆಗೆ ಕಟ್ಟಿದ ವಿಷದ ಮಿತಿ ಹನ್ನೆರಡು ಗಂಟೆಯ ಪಾಳಿಗೆ ಎಷ್ಟಾಗಬೇಕು ಎಂಬುದು ಅಲ್ಲಿ ಪ್ರಶ್ನೆಯಾಗಿ ಗಟ್ಟಿಯಾಗಿ ಎದ್ದು ನಿಲ್ಲಬೇಕಿತ್ತು.

ಭೋಪಾಲದಿಂದ ಬೇರೆಯವರು ಏನು ಕಲಿತರು ನೋಡಿ. ಅಮೆರಿಕದ ಸಂಸತ್ತು 1986ರಲ್ಲಿ ಒಂದು ಕಾನೂನು ಮಾಡಿ, ಪಟ್ಟಿಯಲ್ಲಿರುವ ವಿಷವಸ್ತುಗಳನ್ನು ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ಹೊರಬಿಟ್ಟಿತು ಎಂಬುದನ್ನು ಸಾರ್ವಜನಿಕರ ಮುಂದಿಡುವಂತೆ ಮಾಡಿತು. ಅಲ್ಲಿ ಯಾರು ಬೇಕಾದರೂ ತಮ್ಮ ಊರಿನ ಹೆಸರು ಹಾಕಿ ನೋಡಬಹುದು. ಸತ್ತದ್ದು ನಮ್ಮವರು, ಆ ಸಾವಿನಿಂದ ಹುಟ್ಟಿದ ಹಕ್ಕು ಅವರಿಗೆ ಸಿಕ್ಕಿತು. ನಮಗೆ ಅಂಥ ಸಾರ್ವಜನಿಕ ದಾಖಲೆ ಇವತ್ತಿಗೂ ಇಲ್ಲ. ರಾಸಾಯನಿಕಗಳ ಮಾಹಿತಿ ಕಾರ್ಮಿಕರಿಗೆ ಅರ್ಥವಾಗುವಂತೆ ಇರಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ಒಡಂಬಡಿಕೆಯನ್ನೂ ಭಾರತ ಒಪ್ಪಿ ಅನುಮೋದಿಸಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮು, ಯಾರೂ ಕೇಳುವ ಮೊದಲೇ, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಮಾಹಿತಿ ಪ್ರಕಟಿಸಿ ಎನ್ನುತ್ತದೆ. 2005ರಿಂದ ಆ ಕಲಮು ಜಾರಿಯಲ್ಲಿದೆ. ನಿಮ್ಮ ಬಡಾವಣೆಯ ಪಕ್ಕದ ಕಾರ್ಖಾನೆಯಲ್ಲಿ ಏನು ದಾಸ್ತಾನಿದೆ ಎಂದು ಕನ್ನಡದಲ್ಲಿ ಹೇಳುವ ಒಂದು ಹಾಳೆಯನ್ನು ನೀವು ಎಂದಾದರೂ ನೋಡಿದ್ದೀರಾ?

ಭಾಷೆಯ ವಿಷಯದಲ್ಲಿ ನಾವು ಕನ್ನಡಿಗರು ಪ್ರಾಮಾಣಿಕವಾಗಿರಬೇಕು. ಫಲಕ ಕನ್ನಡದಲ್ಲಿರಲಿ ಎಂದು ಒತ್ತಾಯಿಸುವುದು ನ್ಯಾಯ, ಅದಕ್ಕಾಗಿ ನಾನೂ ದನಿ ಎತ್ತುತ್ತೇನೆ. ಆದರೆ ಕಾರ್ಖಾನೆ ಕಾಯ್ದೆ ಹೇಳಿದ್ದು ಕಾರ್ಮಿಕರಲ್ಲಿ ಬಹುಪಾಲು ಮಂದಿಗೆ ಅರ್ಥವಾಗುವ ಭಾಷೆ ಎಂದು. ಇವತ್ತು ಶೆಡ್ಡುಗಳಲ್ಲಿ ಬಿಹಾರದವರು, ಒಡಿಶಾದವರು, ಅಸ್ಸಾಮಿನವರು ನಮ್ಮ ರಾಯಚೂರು, ಕಲಬುರಗಿಯವರ ಪಕ್ಕದಲ್ಲೇ ನಿಂತಿದ್ದಾರೆ. ಆಸಿಡ್ಡಿನ ಡ್ರಮ್ಮಿನ ಮುಂದೆ ಅವರಿಗೂ ಅವರ ಭಾಷೆಯಲ್ಲಿ ಎಚ್ಚರ ಸಿಗಬೇಕು. ಓದಲು ಬಾರದವರಿಗೆ ಬಾಯಲ್ಲಿ ಹೇಳಬೇಕು, ಮಾಡಿ ತೋರಿಸಬೇಕು.

ಗೊತ್ತಿರುವ ಒಂದು ವಾಕ್ಯ ಹೇಗೆ ಜೀವ ಉಳಿಸುತ್ತದೆ ಎಂಬುದಕ್ಕೆ ಮ್ಯಾನ್‌ಹೋಲ್ ಮತ್ತು ಟ್ರೀಟ್‌ಮೆಂಟ್ ಪ್ಲಾಂಟ್‌ನ ಗುಂಡಿಗಳೇ ಸಾಕ್ಷಿ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆದರೆ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತು, ಇನ್ನು ಭಯವಿಲ್ಲ ಎಂದು ಇಳಿದವನು ಅಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಪತ್ರಿಕೆಗಳಲ್ಲಿ ಇಂಥ ಸಾವು ಎರಡು, ಮೂರು ಎಂದು ಒಟ್ಟಿಗೇ ವರದಿಯಾಗುವುದು ಇದಕ್ಕೇ. ರಕ್ಷಣಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತ ಮೇಲೆ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿದೆ. ವಾಸನೆ ನಿಂತರೆ ಅಪಾಯ ಹೆಚ್ಚಿತೆಂದು ಅರ್ಥ, ಬಿದ್ದವನ ಹಿಂದೆ ಇಳಿಯಬೇಡ ಎಂಬ ಮಾತನ್ನು ಅಪಾರ್ಟ್‌ಮೆಂಟಿನ ಮ್ಯಾನೇಜರೂ ಹೇಳುವುದಿಲ್ಲ, ಪಾಲಿಕೆಯೂ ಹೇಳುವುದಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ವಿವರ ತಿಳಿಸುವ ಹೊಣೆಯೂ ಕಾರ್ಮಿಕನ ಮಾಹಿತಿಯ ಹಕ್ಕೂ ಅದರಲ್ಲಿ ಉಳಿದಿವೆ. ಆದರೆ ಕರೆಂಟಿನಿಂದ ನಡೆಯುವ ಘಟಕದಲ್ಲಿ ಹತ್ತು ಮಂದಿ ಇದ್ದರೆ ಕಾರ್ಖಾನೆ ಎನಿಸುತ್ತಿದ್ದದ್ದು ಈಗ ಇಪ್ಪತ್ತಕ್ಕೆ ಏರಿದೆ. ಹದಿನೈದು ಜನರ ಪ್ಲೇಟಿಂಗ್ ಶೆಡ್ಡು ಕಾರ್ಖಾನೆ ಎಂಬ ಲೆಕ್ಕದಿಂದಲೇ ಹೊರಗೆ ಬೀಳುತ್ತದೆ. ವಿಷ ಮಾತ್ರ ತಲೆ ಎಣಿಸಿ ಮೈಯನ್ನು ಹೊಗುವುದಿಲ್ಲ. ಇನ್‌ಸ್ಪೆಕ್ಟರನ್ನು ‘ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್’ ಮಾಡಲಾಗಿದೆ. ಸೌಕರ್ಯ ಮಾಡಿಕೊಡುವುದಾದರೆ ಅದು ಮೊದಲು ಟ್ಯಾಂಕಿನ ಪಕ್ಕದಲ್ಲಿ ನಿಂತವನಿಗೆ ಆಗಲಿ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಇಷ್ಟು. ವಿಷವಸ್ತು ಬಳಸುವ ಪ್ರತಿ ಘಟಕದ ಗೇಟಿನಲ್ಲಿ, ಅದು ಹತ್ತು ಜನರ ಶೆಡ್ಡಾಗಿದ್ದರೂ ಸರಿ, ಒಳಗಿರುವ ವಸ್ತುಗಳ ಹೆಸರು, ಅಪಾಯ, ಮೊದಲ ಚಿಕಿತ್ಸೆಯನ್ನು ಕನ್ನಡದಲ್ಲೂ ಅಲ್ಲಿ ದುಡಿಯುವವರ ಭಾಷೆಯಲ್ಲೂ ದಪ್ಪಕ್ಷರದಲ್ಲಿ ಬರೆಸಿ. ಅದೇ ವಿವರವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇಎಸ್‌ಐ ಆಸ್ಪತ್ರೆಗೂ ಕೊಡಿ. ತಪಾಸಣೆಗೆ ಹೋದ ಅಧಿಕಾರಿ ಮೊದಲು ಫೈಲು ಕೇಳುವುದನ್ನು ಬಿಡಲಿ; ಟ್ಯಾಂಕಿನ ಬಳಿ ಹೋಗಿ ಅಲ್ಲಿ ನಿಂತವನನ್ನು ‘ಇದರಲ್ಲಿ ಏನಿದೆ, ಕಣ್ಣಿಗೆ ಬಿದ್ದರೆ ಏನು ಮಾಡ್ತೀಯಪ್ಪಾ?’ ಎಂದು ಕೇಳಲಿ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕಪಾಟಿನಲ್ಲಿ ಎಷ್ಟು ಕಾಗದವಿದ್ದರೂ ಆ ಕಾರ್ಖಾನೆ ಕಾನೂನು ಮುರಿದಿದೆ ಎಂದೇ ವರದಿ ಬರೆಯಲಿ.

ಇದನ್ನು ಓದುತ್ತಿರುವ ನೀವು ಯಾವುದೇ ಕಾರ್ಖಾನೆಯಲ್ಲಿ ದುಡಿಯುವವರಾದರೆ, ನಿಮ್ಮ ಮನೆಯವರು ಯಾರಾದರೂ ದುಡಿಯುತ್ತಿದ್ದರೆ, ನಾಳೆ ಬೆಳಗ್ಗೆ ಪಾಳಿಗೆ ಹೋದಾಗ ಆ ಡ್ರಮ್ಮಿನ ಹೆಸರನ್ನು ಬರೆದು ಕೊಡಿ ಎಂದು ಕೇಳಿ. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ, ಬರವಣಿಗೆಯಲ್ಲಿ ಕೇಳಿ. ಅದು ನಿಮಗೆ ಕಾನೂನು ಕೊಟ್ಟಿರುವ ಹಕ್ಕು. ಕೊಡುವುದಿಲ್ಲ ಎನ್ನುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ.